ಕೊಳವೆಯೊಳಗಿನ ಕಂಬಳಿ

ಕತೆ ಹೇಳುವಷ್ಟು ದೊಡ್ಡವನು ನಾನಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ರಜೆಯ ದಿನ ಮುಚ್ಚಿದ ಕಾರ್ಖಾನೆಗಳ ಹಿಂದೆ ಮೈಲಿಗಟ್ಟಲೆ ನಡೆದು ಫೋಟೋ ತೆಗೆಯುತ್ತೇನೆ. ಮನುಷ್ಯರು ಅಡ್ಡ ಬಂದರೆ ಅವರು ಹೋಗುವವರೆಗೂ ಕಾಯುತ್ತೇನೆ.

ಪಕ್ಕದ ಮನೆಯ ಟೈಲರಕ್ಕ ಒಂದು ಫೋಟೋ ನೋಡಿ ಬೆಚ್ಚಿಬಿದ್ದರು. ತುಕ್ಕು ಹಿಡಿದ ದೊಡ್ಡ ಕೊಳವೆಯೊಳಗೆ ಕಂಬಳಿಯ ತುದಿ ಕಾಣುತ್ತಿತ್ತು.

“ಇದರ ಅಂಚು ನಾನೇ ಹೊಲಿದಿದ್ದು ಕಣೋ! ಮನೆ ಬಿಟ್ಟು ಹೋದ ನನ್ನ ತಮ್ಮಂದು. ಖಾಲಿ ಕೊಳವೆ ನೋಡೋಕೆ ಅಷ್ಟು ದೂರ ಹೋದ್ಯಲ್ಲ, ಒಳಗೆ ಒಂದ್ಸಲ ಬಗ್ಗಿ ನೋಡಬಾರ್ದಿತ್ತಾ?”

ಕೂಡಲೇ ಇಬ್ಬರೂ ಹೋದೆವು. ಗುಜರಿಯವರು ಕೊಳವೆಯನ್ನು ಕತ್ತರಿಸಿ ಲಾರಿಗೆ ತುಂಬುತ್ತಿದ್ದರು.

“ಒಳಗಿದ್ದೋನು ಎಲ್ಲಿ?” ಅಕ್ಕ ಕೇಳಿದರು.

“ಬರೀ ಕಂಬಳಿ ಇತ್ತಮ್ಮ. ಹರಿದು ಕೈ ಒರೆಸ್ಕೊಂಡ್ವಿ,” ಎಂದ ಒಬ್ಬ.

ಗ್ರೀಸ್ ಮೆತ್ತಿದ ಆ ಚೂರನ್ನು ಅಕ್ಕ ಮಡಚಿ ಚೀಲಕ್ಕೆ ಹಾಕಿಕೊಂಡರು. ನಾನು ಫೋಟೋ ತೆಗೆದಾಗ ಕಂಬಳಿಯಡಿ ಅವನಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.