ಅಳೆಯದ ಮೂರನೇ ಭಾಗ

ಹಿಮ ಬಿದ್ದ ರನ್‌ವೇ ಎಷ್ಟು ಜಾರುತ್ತದೆ ಎಂದು ಅಳೆದು ಹೇಳುವುದು ಯೆಫೀಮ್ ಲುಕಿಚ್‌ನ ಕೆಲಸ. ಅವನ ಗಾಡಿಯ ಹಿಂದೆ ಒಂದು ಪುಟ್ಟ ಚಕ್ರ. ಅದು ನೆಲವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೋ ಅಷ್ಟು ಅಂಕಿ. ಪಾಯಿಂಟ್ ಮೂರಕ್ಕಿಂತ ಕೆಳಗೆ ಬಂದರೆ ವಿಮಾನ ಇಳಿಯುವಂತಿಲ್ಲ. ರನ್‌ವೇಯನ್ನು ಮೂರು ಭಾಗ ಮಾಡಿ ಮೂರು ಅಂಕಿ ಕೊಡಬೇಕೆಂದು ನಿಯಮ. ಆದರೆ ಉಸ್ತ್-ತಾರ್ಮಾದ ಪುಟ್ಟ ಏರ್‌ಪೋರ್ಟಿನಲ್ಲಿ ಇಳಿದ ವಿಮಾನಗಳೆಲ್ಲ ಎರಡನೇ ಭಾಗದಲ್ಲೇ ನಿಂತು ಹಿಂದಕ್ಕೆ ತಿರುಗುತ್ತಿದ್ದವು. ಮೂರನೇ ಭಾಗಕ್ಕೆ ನರಿಗಳನ್ನು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ. ನದಿಯ ಗಾಳಿಗೆ ಅಲ್ಲಿ ಮೂಗು ಉದುರಿಹೋಗುವಷ್ಟು ಚಳಿ. ಹಾಗಾಗಿ ಯೆಫೀಮನಿಗೆ ಕೆಲಸ ಕಲಿಸಿದ ಮುದುಕ ಎರಡನೆಯ ಅಂಕಿಯನ್ನೇ ಮೂರನೆಯದಕ್ಕೂ ಹೇಳಿಬಿಡುತ್ತಿದ್ದ. ಇಪ್ಪತ್ತಾರು ವರ್ಷದಿಂದ ಯೆಫೀಮನೂ ಹಾಗೇ ಹೇಳುತ್ತಿದ್ದ. ಕಂಟ್ರೋಲ್ ಟವರಿನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬರೆದುಕೊಳ್ಳುತ್ತಿದ್ದರು.

ಆ ಫೆಬ್ರವರಿ ಮಧ್ಯಾಹ್ನದ ವಿಮಾನದಲ್ಲಿ ಅವನ ಹೆಂಡತಿ ಗ್ಲಾಫಿರಾಳ ತಂಗಿ ರಿಮ್ಮಾ ಬರುತ್ತಿದ್ದಳು, ಆರು ವರ್ಷದ ಮೇಲೆ. ಹಿಮ ಬಿಟ್ಟೂಬಿಡದೆ ಸುರಿಯುತ್ತಿತ್ತು. ವಿಮಾನ ಮೋಡದ ಮೇಲೆ ಸುತ್ತುತ್ತಿತ್ತು.

"ಬೇಗ ಹೇಳಿ ಯೆಫೀಮ್ ಲುಕಿಚ್," ಎಂದಳು ಟವರಿನ ತೋಮಾ, ರೇಡಿಯೋದಲ್ಲಿ. "ಇನ್ನು ಹತ್ತು ನಿಮಿಷ ನೋಡ್ತಾರಂತೆ. ಆಗ್ಲಿಲ್ಲ ಅಂದ್ರೆ ವಾಪಸ್ ಹೋಗ್ತಾರಂತೆ."

"ವಾಪಸ್ ಹೋದ್ರೆ ಗ್ಲಾಫಿರಾ ನನ್ನ ಚರ್ಮ ಸುಲೀತಾಳೆ ಕಣಮ್ಮ! ತಂಗಿ ಬರ್ತಾಳೆ ಅಂತ ಬೆಳಗ್ಗೆಯಿಂದ ಒಲೆ ಮುಂದೆ ಕೂತು ಮೀನು ತುಂಬಿದ ಪಿರೋಗ್ ರೊಟ್ಟಿ ಬೇಯಿಸಿದಾಳೆ. ಬರ್ಕೋ. ಒಂದನೇದು ಪಾಯಿಂಟ್ ನಾಲ್ಕು, ಎರಡನೇದು ಪಾಯಿಂಟ್ ನಾಲ್ಕು, ಮೂರನೇದೂ ಅಷ್ಟೇ."

ಹಾಗೆ ಹೇಳುವಾಗ ಅವನು ಆಗಲೇ ಎರಡನೇ ಭಾಗದ ತುದಿಯಿಂದ ಗಾಡಿ ತಿರುಗಿಸಿಕೊಂಡು ಬರುತ್ತಿದ್ದ.

ಹಿಮದ ಮುಸುಕಿನಲ್ಲಿ ವಿಮಾನ ತಡವಾಗಿ ನೆಲ ಮುಟ್ಟಿತು, ಹೆಚ್ಚುಕಡಿಮೆ ನಡುವಿನಲ್ಲಿ. ಇಂಜಿನ್ನುಗಳು ಅರಚಿಕೊಂಡವು. ಯೆಫೀಮ್ ಗಾಡಿಯಿಂದಿಳಿದು ನಿಂತ, ಇನ್ನೇನು ನಿಲ್ಲುತ್ತದೆ ಎಂದುಕೊಂಡ. ಅದು ನಿಲ್ಲಲಿಲ್ಲ. ರನ್‌ವೇ ಮುಗಿದ ಮೇಲೂ ಹೋಗುತ್ತಲೇ ಇತ್ತು. ದಡ ಇಳಿದು ಹೆಪ್ಪುಗಟ್ಟಿದ ನದಿಗೆ ಬಿದ್ದು ಎರಡು ಹೋಳಾಯಿತು. ಏಳು ಜನ ಸತ್ತರು. ಸಾಲಾಗಿ ಮಲಗಿಸಿದ್ದವರಲ್ಲಿ ರಿಮ್ಮಾಳನ್ನು ಅವನೇ ಗುರುತಿಸಿದ, ಗ್ಲಾಫಿರಾ ಹೆಣೆದು ಕಳಿಸಿದ್ದ ಕೈಗವಸಿನಿಂದ.

ತನಿಖೆಯವರು ಬಂದರು, ಕಾಗದ ನೋಡಿದರು, ಕ್ಯಾಪ್ಟನ್ನನದೇ ತಪ್ಪು ಎಂದು ಬರೆದರು. ಅಂಕಿಗಳೆಲ್ಲ ಸರಿಯಾಗಿದ್ದವಲ್ಲ! ಕೆಳಗೆ ಯೆಫೀಮನ ಸಹಿಯೂ ಇತ್ತು.

ನಲವತ್ತನೆಯ ದಿನದ ತಿಥಿಗೆ ರಿಮ್ಮಾಳ ಫೋಟೋದ ಮುಂದೆ ವೋಡ್ಕಾ ತುಂಬಿದ ಲೋಟ ಇಟ್ಟು, ಅದರ ಮೇಲೊಂದು ಕರಿ ಬ್ರೆಡ್ಡಿನ ಚೂರು ಇಟ್ಟಿದ್ದರು. ಗ್ಲಾಫಿರಾ ತಿಥಿಯ ಬ್ಲಿನಿ ದೋಸೆ ಹುಯ್ಯುತ್ತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ಊರುಗೋಲು ಹಿಡಿದು ನಿಂತಿದ್ದವನು ಕ್ಯಾಪ್ಟನ್ ರೋದಿಯಾನ್ ಗ್ಲೇಬೊವಿಚ್.

"ತಡವಾಗಿ ಇಳಿಸಿದೆ, ತಪ್ಪು ನಂದೇ," ಎಂದ ಅವನು ಫೋಟೋದ ಕಡೆ ನೋಡುತ್ತ. "ಕ್ಷಮಿಸಿ ಅನ್ನೋಕೆ ನಂಗೆ ಮುಖ ಇಲ್ಲ. ಆದ್ರೆ ಆಗ ಮತ್ತೆ ಮೇಲಕ್ಕೆ ಎತ್ತಬಹುದಿತ್ತು, ಯೆಫೀಮ್ ಲುಕಿಚ್. ಕೊನೇ ಭಾಗನೂ ಪಾಯಿಂಟ್ ನಾಲ್ಕು ಅಂದಿದ್ರಲ್ಲ, ಹಿಡಿಯತ್ತೆ ಅಂತ ನಂಬಿ ಬ್ರೇಕ್ ಒತ್ತಿದೆ. ಕಾಲಿಗೆ ಏನೂ ಸಿಗ್ಲಿಲ್ಲ. ಬರೀ ಐಸು. ನೀವು ಅಲ್ಲೀವರೆಗೂ ಹೋಗಿದ್ರಾ?"

ಗ್ಲಾಫಿರಾ ಸಟ್ಟುಗ ಹಿಡಿದುಕೊಂಡೇ ಬಂದಳು. "ಏಳು ಜನರನ್ನ ನುಂಗಿ ನೀರು ಕುಡಿದಿದ್ದು ಸಾಲ್ಲಿಲ್ವಾ ನಿಂಗೆ? ಈಗ ನನ್ನ ಗಂಡನ ತಲೆಗೆ ಕಟ್ಟೋಕೆ ಬಂದ್ಯಾ?"

"ಇಲ್ಲ ಗ್ಲಾಫಿರಾ ಸವೆಲ್ಯೆವ್ನಾ. ಅವರು ಹೋಗಿದ್ದೆ ಅಂದ್ರೆ ಸಾಕು. ಇನ್ನು ಯಾರನ್ನೂ ಕೇಳಲ್ಲ. ರಾತ್ರಿಯೆಲ್ಲ ಈ ಕಾಲು ಆ ಬ್ರೇಕನ್ನೇ ಒತ್ತುತ್ತಾ ಇರತ್ತೆ, ಅದಕ್ಕೆ ಕೇಳಿದೆ."

ಯೆಫೀಮ್ ಫೋಟೋದ ಮುಂದಿನ ಲೋಟದ ಕಡೆ ನೋಡಿದ. ಇಲ್ಲ, ಹೋಗಿರಲಿಲ್ಲ. ಎರಡು ಮಾತು, ಅಷ್ಟೇ. ನಲವತ್ತು ದಿನದಿಂದ ಅವನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಬಿಟ್ಟರೆ ಈ ಮನುಷ್ಯನಿಗೆ ಒಂದು ರಾತ್ರಿಯಾದರೂ ನಿದ್ದೆ ಬರುತ್ತಿತ್ತು. ಅಷ್ಟರಲ್ಲಿ ಗ್ಲಾಫಿರಾ ಅವನ ಹಿಂದೆ ಬಂದು ಭುಜದ ಮೇಲೆ ಕೈಯಿಟ್ಟಳು. ಹಿಟ್ಟು ಮೆತ್ತಿದ ಬಿಸಿ ಕೈ. ನಿಜ ಹೇಳಿದರೆ ಮೂವತ್ತು ವರ್ಷ ಸಂಸಾರ ಮಾಡಿದ ಆ ಕೈ ಇನ್ನು ಯಾವತ್ತೂ ತನ್ನನ್ನು ಮುಟ್ಟದೆ ಹೋಗುತ್ತದೆ ಎಂದು ಅವನಿಗೆ ಭಯವಾಯಿತು.

"ಹೋಗಿದ್ದೆ," ಎಂದ. "ಪಾಯಿಂಟ್ ನಾಲ್ಕೇ ಇತ್ತು."

ಕ್ಯಾಪ್ಟನ್ ಊರುಗೋಲನ್ನು ಸರಿಯಾಗಿ ಊರಿಕೊಂಡ. "ಹಾಗಾದ್ರೆ ನನ್ನ ಕಾಲೇ ಸುಳ್ಳು ಹೇಳ್ತಾ ಇದೆ. ಉಪಕಾರ ಆಯ್ತು ಯೆಫೀಮ್ ಲುಕಿಚ್," ಎಂದು ಫೋಟೋಗೆ ತಲೆಬಾಗಿ ಹೊರಟ. ಅವನು ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು ತುಂಬಾ ಹೊತ್ತು ಕೇಳಿಸಿತು. ಕೂಗಿ ಕರೆಯುವುದಕ್ಕೆ ಬೇಕಾದಷ್ಟು ಸಮಯವಿತ್ತು. ಯೆಫೀಮ್ ಕರೆಯಲಿಲ್ಲ.

ಗ್ಲಾಫಿರಾ ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡಳು. "ಕೇಳಿಸ್ತಾ ರಿಮ್ಮಾ?" ಎಂದಳು ಫೋಟೋಗೆ. "ಆ ಹಾಳು ಏರ್‌ಪೋರ್ಟಲ್ಲಿ ನಿಂಗೋಸ್ಕರ ಕೊನೇತನಕ ಹೋಗಿದ್ದೋನು ನಿಮ್ಮ ಭಾವ ಒಬ್ಬನೇ ಕಣೇ."

ಆಮೇಲೆ ಗಂಡನ ತಟ್ಟೆಗೆ ಇನ್ನೊಂದು ಬ್ಲಿನಿ ಹಾಕಿದಳು. ಯೆಫೀಮ್ ಅದನ್ನು ತಿಂದ.