ಬಂದರಿನ ಮರಳಿಗೆ ಎಷ್ಟು ವಯಸ್ಸು

ಬಂದರ್‌ನಲ್ಲಿ ಉಮರಬ್ಬ ತಮ್ಮ ಹಳೆಯ ಗೋದಾಮು ಕೆಡವಿ ಹೊಸ ಕಟ್ಟಡಕ್ಕೆ ಪಾಯ ತೋಡಿಸುತ್ತಿದ್ದಾಗ ಆಳದಲ್ಲಿ, ಕೆಂಪು ಮಣ್ಣಿನ ಅಡಿಗೆ, ಬಿಳಿ ಮರಳು ಕಾಣಿಸಿತು. ಹೊಳೆ ಹಿಂದೆ ಎಲ್ಲೆಲ್ಲಿ ಹರಿದಿತ್ತು ಎಂದು ಹುಡುಕುತ್ತಿದ್ದ ಭೂವಿಜ್ಞಾನಿ ಗ್ರೀಷ್ಮಾ ಸುದ್ದಿ ತಿಳಿದು ಓಡಿ ಬಂದಳು. ಅವಳಿಗಾಗಿ ಉಮರಬ್ಬ ಕಾಂಕ್ರೀಟ್ ಕೆಲಸವನ್ನೇ ಮುಂದೂಡಿದರು.

"ಮರಳಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಗಳೇ? ನಮ್ಮ ಅಜ್ಜನ ಅಜ್ಜ ಹೊಳೆಗೆ ಮಣ್ಣು ಹಾಕಿ ಮಾಡಿದ ಜಾಗ ಇದು."

ಗ್ರೀಷ್ಮಾ ಗುಂಡಿಯ ಗೋಡೆಗೆ ಉಕ್ಕಿನ ಕೊಳವೆ ಬಡಿದು ಮರಳು ತುಂಬಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ ಮೇಲಿಟ್ಟಳು. ಇನ್ನೊಂದು ಕೊಳವೆ ಬಡಿಯುತ್ತಿದ್ದಾಗ ತಲೆಯೆತ್ತಿ ನೋಡಿದರೆ, ಉಮರಬ್ಬ ಮೊದಲನೆಯದರ ಮುಚ್ಚಳ ತೆಗೆದು ಮರಳನ್ನು ಬಿಸಿಲಿನಲ್ಲಿ ಅಂಗೈಗೆ ಸುರಿದುಕೊಂಡಿದ್ದರು.

"ಅಯ್ಯೋ ಕಾಕ, ಅದು ಹಾಳಾಯ್ತು!"

ಅವರು ಗಾಬರಿಯಾದರು. ಗ್ರೀಷ್ಮಾ ಸಿಟ್ಟು ನುಂಗಿಕೊಂಡು ಹೇಳಿದಳು: "ಕತ್ತಲೆಯಲ್ಲಿ ಹೂತಿರುವಷ್ಟು ಕಾಲ ಮರಳಿನ ಕಣದಲ್ಲಿ ಶಕ್ತಿ ಸೇರ್ತಾ ಹೋಗ್ತದೆ. ಲ್ಯಾಬಲ್ಲಿ ಬೆಳಕು ಬಿಟ್ರೆ ಅದು ಮಿನುಗಿ ಹೊರಗೆ ಬರ್ತದೆ. ಅದನ್ನು ಅಳೆದ್ರೆ ಮರಳು ಕೊನೆಗೆ ಬಿಸಿಲು ಕಂಡದ್ದು ಯಾವಾಗ ಅಂತ ಗೊತ್ತಾಗ್ತದೆ. ಬಿಸಿಲು ಬಿದ್ರೆ ಎಲ್ಲ ಅಳಿಸಿ ಹೋಗ್ತದೆ."

"ಹಾಗಾದ್ರೆ ಇದು ಈಗಷ್ಟೇ ಹುಟ್ಟಿತಾ?"

ಅವಳಿಗೆ ನಗು ಬಂತು. ಎರಡನೆಯ ಕೊಳವೆಯನ್ನು ಉಮರಬ್ಬರೇ ಕಪ್ಪು ಬಟ್ಟೆಯಲ್ಲಿ ಸುತ್ತಿ ಕಾರಿನವರೆಗೆ ತಂದುಕೊಟ್ಟರು.

ಮಳೆಗಾಲ ಕಳೆದ ಮೇಲೆ ಫಲಿತಾಂಶ ಬಂತು: ಸುಮಾರು ಏಳು ನೂರು ವರ್ಷ. ಗುಂಡಿಯ ಗೋಡೆಯಲ್ಲಿ ಕಂಡ ಮರಳೂ ನೀರು ತಂದು ಕೂರಿಸಿದ ತೆಳು ಪದರಗಳಲ್ಲಿತ್ತು. ಬುಟ್ಟಿಯಿಂದ ಸುರಿದ ಮಣ್ಣು ಹಾಗೆ ಕೂರುವುದಿಲ್ಲ. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಆ ಜಾಗ ಅಜ್ಜನ ಅಜ್ಜ ಮಾಡಿದ್ದು ಎನ್ನುವುದು ಉಮರಬ್ಬರ ಮನೆತನದ ಹೆಮ್ಮೆಯ ಮಾತು. ಎದುರು ಕೂತೇ ಹೇಳಬೇಕು ಅನ್ನಿಸಿ ಗ್ರೀಷ್ಮಾ ಬಂದರ್‌ಗೆ ಹೋದಳು.

ವಿಷಯ ಕೇಳಿದ ಉಮರಬ್ಬ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅಂದ್ರೆ ಅಜ್ಜ ಸುಳ್ಳು ಹೇಳಿದ್ದಾ?"

"ಮೇಲಿನ ಕೆಂಪು ಮಣ್ಣು ನಿಮ್ಮ ಅಜ್ಜನ ಅಜ್ಜ ಹಾಕಿಸಿದ್ದಿರಬಹುದು ಕಾಕ. ಅದನ್ನು ನಾನು ಅಳೆದಿಲ್ಲ. ಅಡಿಯಲ್ಲಿರುವ ಮರಳು ಮಾತ್ರ ಹೊಳೆಯದ್ದು."

ಅವರು ದಕ್ಕೆಯ ಕಡೆ ನೋಡಿದರು. ಬೋಟುಗಳಿಂದ ಮೀನಿನ ಬುಟ್ಟಿಗಳು ಇಳಿಯುತ್ತಿದ್ದವು.

"ಹೊಳೆಯೇ ಬಿಟ್ಟುಕೊಟ್ಟ ಜಾಗ. ನಾವು ಮಾಡಿದ್ದು ಅಂತ ಹೇಳ್ತಾ ಬಂದೆವು, ಅಲ್ವಾ?" ಎಂದು ಮೆಲ್ಲಗೆ ಹೇಳಿ ಅವಳಿಗೆ ಚಹಾ ತರಿಸಿದರು.

ಗ್ರೀಷ್ಮಾ ಹೊರಡಲು ಎದ್ದಾಗ ಅವರೂ ಎದ್ದರು. "ಶುಕ್ರವಾರ ಮನೆಗೆ ಊಟಕ್ಕೆ ಬಾ. ಮೊಮ್ಮಕ್ಕಳಿಗೆ ಇದನ್ನು ನೀನೇ ಹೇಳ್ಬೇಕು. ನಾನು ಬಾಯಿ ತೆಗೆದ್ರೆ ಹಳೇ ಕಥೆಯೇ ಬರ್ತದೆ ಮಾರಾಯ್ತಿ."