ಕೋಣೆಯ ಸದ್ದು

"ಅಕ್ಕಾ, ಬೀಗದ ಕೈ ಟೇಬಲ್ ಮೇಲಿದೆ ಅಂತ ಹೇಳ್ಬೇಕು. ನೀವು ಹೇಳೋದು ಕೇಳಿದ್ರೆ ಟೇಬಲ್ ಮೇಲೆ ಹೆಣ ಇದೆಯೇನೋ ಅನ್ಸತ್ತೆ. ಸ್ವಲ್ಪ ಜೀವ ತುಂಬಿ!"

ಗಾಜಿನ ಆಚೆ ಕೂತವನ ದನಿ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನೊಳಗೆ ಗುಂಯ್ ಎಂದಿತು. ಅವಳು ತಲೆಯಾಡಿಸಿದಳು. ಗಂಟಲು ಸರಿಮಾಡಿಕೊಂಡು, ಮೈಕಿನ ಕಡೆ ಬಾಗಿ, "ದಿ ಕೀ ಈಸ್ ಆನ್ ದಿ ಟೇಬಲ್" ಎಂದಳು. ಈ ಸಲ ಕೊನೆಯಲ್ಲಿ ಚೂರು ನಗುವನ್ನೂ ಸೇರಿಸಿದಳು. ನಗು ಅವಳ ಕಸುಬಿನ ಸಾಮಾನು, ದರ್ಜಿಗೆ ಗುಂಡಿ ಇದ್ದ ಹಾಗೆ. ಬೇಕಾದಾಗ ಡಬ್ಬಿಯಿಂದ ತೆಗೆದು ಹೊಲಿಯುವುದು.

"ಹಾಂ! ಇದು ಹೆಂಡ್ತಿ ಮಾತಾಡೋ ರೀತಿ. ಭಾವ, ಮುಂದಿನ ಪ್ರಶ್ನೆ ನಿಮ್ದು."

ಆಚೆಯವನಿಗೆ ಆ ಸ್ಟುಡಿಯೋದಲ್ಲಿ ಎಲ್ಲರೂ ಇಟ್ಟ ಹೆಸರು 'ಸುಮ್ನಿರಿ'. ಇಡೀ ದಿನ ಎಲ್ಲರಿಗೂ ಸುಮ್ನಿರಿ ಸುಮ್ನಿರಿ ಎನ್ನುತ್ತ, ತಾನು ಮಾತ್ರ ಒಂದು ಗಳಿಗೆಯೂ ಸುಮ್ಮನಿರದ ಮನುಷ್ಯ. ವಯಸ್ಸಿನಲ್ಲಿ ಅವಳಿಗಿಂತ ಹಿರಿಯ, ಅರ್ಧ ತಲೆ ಬೋಳು. ಆದರೂ ಮೈಕಿನ ಮುಂದೆ ಕೂತ ಹೆಂಗಸರೆಲ್ಲ ಅವನಿಗೆ ಅಕ್ಕಂದಿರು. ಅಕ್ಕನ ಗಂಡ ಭಾವನಾಗದೆ ಇನ್ನೇನಾಗುತ್ತಾನೆ?

ಆ ಭಾವ ಮೂರು ತಿಂಗಳಿಂದ ತನ್ನ ಸ್ವಂತ ಅಕ್ಕನ ಮನೆಯಲ್ಲಿದ್ದಾನೆ ಅನ್ನುವುದು ಸುಮ್ನಿರಿಗೆ ಗೊತ್ತಿರಲಿಲ್ಲ. ಇಬ್ಬರೂ ಹೇಳಿರಲಿಲ್ಲ. ಇಂಗ್ಲಿಷ್ ಕಲಿಯುವವರಿಗಾಗಿ ಮಾಡಿದ ಪಾಠಗಳಲ್ಲಿ ಮೊದಲಿನಿಂದಲೂ ಇವರದೇ ದನಿ. ನಿಜವಾದ ಗಂಡ ಹೆಂಡತಿ ಸಿಕ್ಕರಲ್ಲ ಅಂತ ಪಾಠ ಬರೆದ ಮೇಷ್ಟ್ರು ಹಿಗ್ಗಿದ್ದರಂತೆ. ಉಳಿದಿದ್ದು ಇದೊಂದೇ ಪಾಠ. ವಸ್ತು ಎಲ್ಲಿದೆ, ಒಳಗಿದೆಯೋ ಮೇಲಿದೆಯೋ ಕೆಳಗಿದೆಯೋ ಎಂದು ಹೇಳುವ ಪುಟ್ಟ ಪುಟ್ಟ ಪದಗಳ ಪಾಠ. ಗಂಡ ಮನೆಯೆಲ್ಲ ಹುಡುಕುತ್ತಾನೆ, ಹೆಂಡತಿ ಕೂತಲ್ಲಿಂದಲೇ ಎಲ್ಲಿದೆ ಅಂತ ಹೇಳುತ್ತಾಳೆ.

"ವೇರ್ ಈಸ್ ಮೈ ಅಂಬ್ರೆಲಾ?" ಎದುರು ಕೂತಿದ್ದ ಗಂಡ ಕೇಳಿದ.

"ಇಟ್ ಈಸ್ ಬಿಹೈಂಡ್ ದಿ ಡೋರ್."

ನಿಜಕ್ಕೂ ಅವನ ಕೊಡೆ ಮನೆಯ ಬಾಗಿಲ ಹಿಂದೆಯೇ ಇತ್ತು. ಬಿಟ್ಟುಹೋಗಿದ್ದ. ಅವಳಿಗದು ನೆನಪಾಯಿತು, ಅಷ್ಟೆ. ನೆನಪಿನ ಬಾಲ ಹಿಡಿದು ಇನ್ನೇನಾದರೂ ಬರುತ್ತದೇನೋ ಅಂತ ಕಾದಳು. ಏನೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಹಾಕಿದ ಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡ ಹಾಗೆ: ಬೆರಳಿಗೆ ಕೆನ್ನೆ ತಿಳಿಯುತ್ತದೆ, ಕೆನ್ನೆಗೆ ಬೆರಳು ತಿಳಿಯುವುದಿಲ್ಲ.

ಜಗಳ ಅಂತ ಆಗಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಕಥೆ ಇರುತ್ತಿತ್ತು. ಅದೂ ಆಗಿರಲಿಲ್ಲ. ಇಬ್ಬರದೂ ದನಿ ಮಾರುವ ಕೆಲಸ. ಅವನು ಜಾಹೀರಾತು, ಅವಳು ಲಿಫ್ಟು, ಬ್ಯಾಂಕಿನ ಫೋನು, ಪಾಠ. ದಿನವಿಡೀ ಮಾತಾಡಿ ಮನೆಗೆ ಬಂದರೆ ಗಂಟಲಿಗೆ ರಜೆ. ಮೊದಮೊದಲು ಅದು ತಮಾಷೆಯಾಗಿತ್ತು. ಕೈಸನ್ನೆಯಲ್ಲೇ ಚಹಾ ಕೇಳುವುದು, ಕಣ್ಣಲ್ಲೇ ಬೈಯುವುದು. ಬರಬರುತ್ತ ಸನ್ನೆಯೂ ನಿಂತಿತು. ಗಂಟಲು ಸರಿಯಿದ್ದ ದಿನವೂ ಮಾತು ಬರಲಿಲ್ಲ. ಒಂದು ದಿನ ಅವನು, "ಸ್ವಲ್ಪ ದಿನ ಅಕ್ಕನ ಮನೇಲಿರ್ತೀನಿ" ಅಂದ. ಅವಳು, "ಸರಿ" ಅಂದಳು. ಆ ವಾರ ಅವರಿಬ್ಬರೂ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ನಿನ್ನೆ ಅವಳು ಅವನ ಫೋನಿಗೆ ಒಂದು ಸಾಲು ಕಳಿಸಿದ್ದಳು: ನಾಳೆ ಬರುವಾಗ ಮನೆ ಬೀಗದ ಕೈ ತಂದುಬಿಡಿ. ಅವನು ಅದನ್ನು ಕೊಟ್ಟರೆ ಮುಗಿಯಿತು, ಆ ಮನೆ ಇನ್ನು ಅವನದಲ್ಲ. ಕೊಡದಿದ್ದರೆ? ಅದನ್ನವಳು ಯೋಚಿಸಿರಲಿಲ್ಲ. ಯೋಚಿಸುವುದಕ್ಕೂ ಒಂದಿಷ್ಟು ಬಿಸಿ ಬೇಕಲ್ಲ ಒಳಗೆ.

"ಐದು ನಿಮಿಷ ಬಿಡುವು," ಅಂದ ಸುಮ್ನಿರಿ. "ಫ್ಯಾನ್ ಹಾಕ್ತೀನಿ, ಗಾಳಿ ತಗೊಳಿ. ಬೆವರಿನ ಹನಿ ಬಿದ್ದ ಸದ್ದೂ ಹಿಡಿಯೋ ಮೈಕು ಅದು. ನಾನು ಚಹಾ ಹೇಳಿ ಬರ್ತೀನಿ."

ಅವನು ಎದ್ದು ಹೋದ. ಕೋಣೆಯಲ್ಲಿ ಇಬ್ಬರೇ. ಮಧ್ಯೆ ಸಣ್ಣ ಮೇಜು. ಹಾಳೆ ಸರಿದಾಡಿದರೆ ಸದ್ದಾಗಬಾರದು ಅಂತ ಅದಕ್ಕೆ ಹಳೇ ಕಂಬಳಿ ಹೊದಿಸಿದ್ದರು. ಕಂಬಳಿ ಸವೆದು, ಅವನ ಕಡೆಯ ತುದಿಯಲ್ಲಿ ಮರ ಕಾಣುತ್ತಿತ್ತು.

"ಅಡುಗೆಮನೆ ನಲ್ಲಿ ಸೋರೋದು ನಿಂತಿತಾ?" ಅವನು ಕೇಳಿದ.

"ಪ್ಲಂಬರ್ ಬಂದಿದ್ದ."

"ಓ. ನಾನೇ ಬಂದು..."

"ಬಂದಿದ್ದ. ಆಯ್ತು."

ಫ್ಯಾನು ತಿರುಗಿತು. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಸ್ವಲ್ಪ ಸೊರಗಿದ್ದ. ಅಥವಾ ಅಂಗಿಯೇ ದೊಡ್ಡದಿರಬೇಕು.

"ತಂದಿದ್ದೀರಾ?" ಅವಳು ಕೇಳಿದಳು. ಹಿಂದೆಲ್ಲ ಇಂಥ ಮಾತಿನ ಬಾಲಕ್ಕೆ ಒಂದು 'ರೀ' ತೂಗಾಡುತ್ತಿತ್ತು. ಅದು ಯಾವಾಗ ಉದುರಿತೋ.

"ಹೂಂ." ಅವನು ಜೇಬು ಮುಟ್ಟಿಕೊಂಡ. "ಕೊಡಲೇಬೇಕಾ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆದು, ಎರಡು ಲೋಟ ಹಿಡಿದ ಸುಮ್ನಿರಿ ಒಳಗೆ ಬಂದ. "ಬಿಸಿಬಿಸಿ ಕುಡೀರಿ. ಏನ್ ಭಾವ, ಅಕ್ಕನ್ನ ಗೋಳು ಹೊಯ್ಕೊಳ್ತಿದ್ರಾ? ಮುಖ ನೋಡಿ ಹೇಗಾಗಿದೆ!"

"ಅವಳ ಮುಖ ಇರೋದೇ ಹಾಗೆ," ಅಂದ ಅವನು. ಹಳೆಯ ತಮಾಷೆ. ಸುಮ್ನಿರಿ ಒಬ್ಬನೇ ನಕ್ಕ.

ಕೊನೆಯ ಭಾಗದಲ್ಲಿ ತಪ್ಪು ವಾಕ್ಯ ಗಂಡನದು, ತಿದ್ದುವುದು ಹೆಂಡತಿ. ಸುಮ್ನಿರಿ ಹಾಳೆ ನೋಡಿ ಗೊಣಗಿದ. "ಅಲ್ಲಾ, ನನ್ ಮದುವೆ ಆಗಿದ್ದು ನನ್ ಹೆಂಡ್ತಿ ಜೊತೆ. ಈ ಮೇಷ್ಟ್ರು 'ಮ್ಯಾರೀಡ್ ವಿತ್' ತಪ್ಪು ಅಂತಾರಲ್ಲ? ಮತ್ತೆ ಜೊತೆಗೆ ಬೇಡ್ವಂತಾ?"

"ಜೊತೆ ಅನ್ನೋದು ನಮ್ಮ ಮಾತಿನ ರೂಢಿ," ಅಂದಳು ಅವಳು. "ಅವರಲ್ಲಿ 'ಟು' ಅಂತಾರೆ. ಒಂದೊಂದು ಮಾತಿಗೆ ಒಂದೊಂದು ಪುಟ್ಟ ಪದ ಅಂಟಿಕೊಂಡಿರತ್ತೆ. ಲೆಕ್ಕಾಚಾರ ಇಲ್ಲ, ಬಾಯಿಪಾಠ ಮಾಡ್ಕೋಬೇಕು."

"ಮದುವೇನೂ ಹಾಗೇ ಬಿಡಿ ಅಕ್ಕಾ. ಲೆಕ್ಕ ಹಾಕಿದ್ರೆ ಕೆಟ್ಟಿತು! ಸರಿ, ಸುಮ್ನಿರಿ ಈಗ. ರೋಲಿಂಗ್."

ಫ್ಯಾನು ನಿಂತು ಕೆಂಪು ದೀಪ ಹತ್ತಿತು.

"ಆರ್ ಯು ಮ್ಯಾರೀಡ್ ವಿತ್ ಮಿ?" ಅವನು ಓದಿದ.

"ನೋ. ಐ ಆ್ಯಮ್ ಮ್ಯಾರೀಡ್ ಟು ಯು."

"ವಾಹ್!" ಗಾಜಿನ ಆಚೆ ಸುಮ್ನಿರಿ ಚಪ್ಪಾಳೆ ತಟ್ಟಿದ. "ಒಂದೇ ಏಟಿಗೆ! ಬೆಳಗ್ಗೆಯಿಂದ ಇದೇ ಮೊದಲು. ಅಳು ಇಲ್ಲ, ನಗು ಇಲ್ಲ, ನೀರು ಕುಡಿದಷ್ಟು ಸಲೀಸು. ಮೇಷ್ಟ್ರಿಗೆ ಇದನ್ನೇ ಮೊದಲು ಕೇಳಿಸ್ತೀನಿ. ಮುಗೀತು. ಇನ್ನು ಕೋಣೆಯ ಸದ್ದು ಒಂದು ಹಿಡಿದುಬಿಟ್ರೆ ಮನೆಗೆ ಹೊರಡಿ."

ಕೋಣೆಯ ಸದ್ದು ಅಂದರೆ ಬೇರೇನಲ್ಲ, ಮೌನ. ಮಾತು ಕತ್ತರಿಸಿ ಅಂಟಿಸುವಾಗ ನಡುವೆ ತುಂಬುವುದಕ್ಕೆ ಅದೇ ಕೋಣೆಯ, ಅದೇ ದಿನದ, ಅದೇ ಜನ ಕೂತಿರುವಾಗಿನ ಮೌನ ಬೇಕು. ಇಲ್ಲದಿದ್ದರೆ ಕೇಳುವವರಿಗೆ ಕಿವಿ ಕಟ್ಟಿದ ಹಾಗಾಗುತ್ತದೆ. ಒಂದು ನಿಮಿಷ ಯಾರೂ ಅಲುಗಾಡದೆ ಕೂತರೆ ಆಯಿತು. "ಜನ ಇರೋ ಮೌನಾನೇ ಬೇರೆ, ಇಲ್ಲದ್ದೇ ಬೇರೆ," ಅನ್ನುತ್ತಿದ್ದ ಸುಮ್ನಿರಿ. "ಖಾಲಿ ಮಾಡಿ ಹಿಡಿದ್ರೆ ಗೊತ್ತಾಗಿಬಿಡತ್ತೆ."

ಮತ್ತೆ ಕೆಂಪು ದೀಪ.

ಮೌನದಲ್ಲಿ ಕೂರುವುದರಲ್ಲಿ ಇಬ್ಬರೂ ಪಳಗಿದವರು, ಮನೆಯಲ್ಲಿ ಅಷ್ಟು ದಿನ ಅಭ್ಯಾಸ ಮಾಡಿದ್ದರಲ್ಲ. ಅವಳು ಕಂಬಳಿಯ ಎಳೆಗಳನ್ನು ನೋಡುತ್ತ ಕೂತಳು. ಅವನ ಕೈ ನಿಧಾನವಾಗಿ ಜೇಬಿಗೆ ಹೋದದ್ದು ಕಂಡಿತು. ಹೊರಬಂತು. ಬೀಗದ ಕೈ ಮೇಜಿನ ಮೇಲೆ ಇಳಿಯಿತು, ಸರಿಯಾಗಿ ಕಂಬಳಿ ಸವೆದ ಜಾಗದಲ್ಲಿ.

ಟಕ್.

"ಯಾರ್ರೀ ಅದು?" ಹೆಡ್‌ಫೋನು ಕಿರುಚಿತು. "ಭಾವ! ಇಷ್ಟು ವರ್ಷದ ಅನುಭವ ಇಟ್ಕೊಂಡು! ಏನದು, ಬೀಗದ ಕೈನಾ? ಪಾಠ ಮುಗೀತಲ್ಲ, ಇನ್ನೂ ಟೇಬಲ್ ಮೇಲೆ ಯಾಕೆ ಇಡ್ತೀರಿ? ಮತ್ತೊಮ್ಮೆ. ಸುಮ್ನಿರಿ!"

ಅವನು ಅದನ್ನು ವಾಪಸು ತೆಗೆಯಲು ಕೈ ಚಾಚಿದ. ಅದಕ್ಕೂ ಮೊದಲೇ ಅವಳ ಅಂಗೈ ಅದರ ಮೇಲಿತ್ತು. ಸದ್ದಾಗಬಾರದು ಅಂತಲೇ ಇರಬೇಕು. ಕಸುಬಿನವರ ಕೈ, ತಾನಾಗಿ ಹೋಗುತ್ತದೆ. ದೀಪ ಆಗಲೇ ಹತ್ತಿತ್ತು. ಈಗ ಅಲುಗುವ ಹಾಗಿಲ್ಲ. ಅವನ ಕೈ ಅರ್ಧದಲ್ಲೇ ಮೇಜಿನ ಮೇಲೆ ನಿಂತಿತು, ಅವಳ ಕೈಯಿಂದ ಒಂದು ಗೇಣು ದೂರ.

ಬೀಗದ ಕೈ ಬೆಚ್ಚಗಿತ್ತು. ಬೆಳಗ್ಗೆಯಿಂದ ಅವನ ಜೇಬಿನಲ್ಲಿದ್ದದ್ದು. ಸುಮ್ಮನೆ ಅವನ ಕಡೆಗೆ ಒಂದಿಷ್ಟು ತಳ್ಳಿದರೆ ಸಾಕು, 'ಕೊಡಲೇಬೇಕಾ' ಅನ್ನುವುದಕ್ಕೆ ಉತ್ತರ ಕೊಟ್ಟ ಹಾಗೆ. ಅಂಗೈ ಕೆಳಗೇ ಜಾರಿಸಿದರೆ ಮೈಕಿಗೂ ಕೇಳುವುದಿಲ್ಲ. ಅವಳು ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. ತಳ್ಳುತ್ತದೇನೋ ಅಂತ ಕಾದಳು. ಅವನೂ ಆ ಕೈಯನ್ನೇ ನೋಡುತ್ತಿದ್ದ. ಅಂಗೈ ಕೆಳಗಿನ ಬಿಸಿ ಕಡಿಮೆಯಾಗುತ್ತ ಬಂದು, ಕೊನೆಗೆ ಯಾವುದು ಲೋಹ ಯಾವುದು ಕೈ ಅನ್ನುವುದು ತಿಳಿಯದಾಯಿತು.

"ಸಿಕ್ತು!" ಅಂದ ಸುಮ್ನಿರಿ. "ಎಂಥ ಮೌನ ಅಕ್ಕಾ ಇದು! ಚಿನ್ನದಂಥದ್ದು."

ದೀಪ ಆರಿತು. ಗಂಡ ಹೆಡ್‌ಫೋನು ತೆಗೆದು ಮೊಳೆಗೆ ನೇತುಹಾಕಿ, ಹಾಳೆಗಳನ್ನು ಜೋಡಿಸಿಟ್ಟ.

"ಕೊಡೆ ಬಾಗಿಲ ಹಿಂದೆ ಇದೆ," ಅಂದಳು ಅವಳು.

"ಇರ್ಲಿ. ಅಕ್ಕನ ಮನೇಲಿ ಒಂದಿದೆ."

"ಸರಿ."

ಬಾಗಿಲ ಹತ್ತಿರ ನಿಂತು ಅವನು, "ಬರ್..." ಅಂದ. ಅಲ್ಲೇ ತಡೆದು, "ಹೊರಡ್ತೀನಿ" ಅಂದ.

"ಹೂಂ."

ದಪ್ಪ ಬಾಗಿಲು ತನ್ನಷ್ಟಕ್ಕೆ ಉಸಿರು ಬಿಟ್ಟ ಹಾಗೆ ಮುಚ್ಚಿಕೊಂಡಿತು. ಅವಳು ಅಂಗೈ ಎತ್ತಿದಳು. ಮಧ್ಯದಲ್ಲಿ ಹಲ್ಲುಹಲ್ಲಾಗಿ ಕೆಂಪು ಗುರುತು ಮೂಡಿತ್ತು. ಬೀಗದ ಕೈಯನ್ನು ಕೈಚೀಲದೊಳಗೆ ಹಾಕಿದಳು. ಒಳಗಿದ್ದ ಅವಳ ಗೊಂಚಲಿಗೆ ತಾಗಿ ಅದು ಗಟ್ಟಿಯಾಗಿ ಝಣ್ ಎಂದಿತು. ಅವಳು ಬೆಚ್ಚಿ, ಚೀಲದ ಬಾಯಿ ಹಿಡಿದುಕೊಂಡು ಗಾಜಿನ ಕಡೆ ನೋಡಿದಳು, ಮತ್ತೊಮ್ಮೆ ಅನ್ನುತ್ತಾನೇನೋ ಅಂತ. ಸುಮ್ನಿರಿ ಬೆನ್ನು ತಿರುಗಿಸಿ ವೈರು ಸುತ್ತುತ್ತಿದ್ದ.